ಗಾಳಿ ಬೇಡದ ಹಗೇವು

ಕವಲಂದೆಯಿಂದ ಎರಡು ಮೈಲಿ ಒಳಕ್ಕೆ ಹೋದರೆ ಸಿಗುವ ಊರಿನಲ್ಲಿ ಜವರಮ್ಮನ ಮನೆ ಯಾವುದು ಅಂತ ಕೇಳಿ ನೋಡಿ. ಬಾಗಿಲ ಬಣ್ಣವನ್ನೋ ಬೀದಿಯ ಹೆಸರನ್ನೋ ಯಾರೂ ಹೇಳುವುದಿಲ್ಲ. "ಕೆಂಪಿ ಕಟ್ಟಿರೋ ಮನೆ" ಅನ್ನುತ್ತಾರೆ, ಅಷ್ಟೇ. ಕೆಂಪಿ ಅನ್ನುವುದು ಹಸು. ದಾರಿಯಲ್ಲಿ ಹೋಗುವವರ ಕೈಯಲ್ಲಿ ಏನಿದ್ದರೂ ಬಾಯಿ ಹಾಕುವ ಚಾಳಿಯಿಂದ ಅದಕ್ಕೆ ಊರೆಲ್ಲ ಪರಿಚಯ. ಬಾಳೆಹಣ್ಣಿನ ಸಿಪ್ಪೆ, ಮದುವೆ ಕಾಗದ, ಮೊಮ್ಮಗಳು ಅರ್ಪಿತಳ ಮಗ್ಗಿ ಪುಸ್ತಕ ಎಲ್ಲ ಅದರ ಹೊಟ್ಟೆ ಸೇರಿವೆ. ಒಂದು ಸಲ ಓಟಿನ ಚೀಟಿ ಹಂಚಲು ಬಂದವರು ಜಗಲಿ ಮೇಲೆ ಕಟ್ಟು ಇಟ್ಟು ನೀರು ಕುಡಿಯುವಷ್ಟರಲ್ಲಿ ಅರ್ಧ ಬೀದಿಯ ಚೀಟಿ ಮಾಯ. ಜವರಮ್ಮನ ಸೀರೆಗಳಲ್ಲಿ ಮೂರಕ್ಕೆ ಸೆರಗಿನ ತುದಿ ಇಲ್ಲ.

ಜವರಮ್ಮನಿಗೆ ಅರವತ್ತೇಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ಓದಿದ್ದು ಎರಡನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ತುಟಿ ಅಲ್ಲಾಡಿಸುತ್ತ ಓದುತ್ತಾಳೆ, ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಆದರೆ ಅಳತೆಗೆ ನಿಂತಳೆಂದರೆ ಅವಳನ್ನು ಮೀರಿಸುವವರಿಲ್ಲ. ಬೆರಳು, ಗೇಣು, ಮೊಳ ಎಲ್ಲವೂ ಅವಳ ಕೈಯಲ್ಲೇ ಇವೆ. 'ಸುಮಾರು' ಅನ್ನುವ ಮಾತು ಕೇಳಿದರೆ ಆಗದು. ಯಾರಾದರೂ "ಸುಮಾರು ಹತ್ತು ಸೇರು" ಅಂದರೆ, "ಒಂಬತ್ತಾ, ಅನ್ನೊಂದಾ?" ಅಂತ ಕೇಳಿ ಅವರ ಮುಖವನ್ನೇ ನೋಡುತ್ತಾಳೆ.

ಮನೆಯಲ್ಲಿ ಕೆಂಪಿಯೂ ಸೇರಿ ಮೂರು ಹಸು. ಮಗ ನಂಜೇಶ್ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಾಳೆ ತೋಟಕ್ಕೆ ಹೋಗುವವನು. ಮಳೆಗಾಲ ಹೇಗೋ ನಡೆದುಬಿಡುತ್ತದೆ. ತಾಪತ್ರಯವೆಲ್ಲ ಶಿವರಾತ್ರಿ ಕಳೆದ ಮೇಲೆ. ಬದುವಿನ ಹುಲ್ಲು ಒಣಗುತ್ತದೆ, ಬೋರಿನ ನೀರು ಬೆರಳು ದಪ್ಪಕ್ಕೆ ಇಳಿಯುತ್ತದೆ. ಹಿಂದಿನ ಬೇಸಿಗೆಯಲ್ಲಿ ನಂಜೇಶ್ ಹಸಿಮೇವು ಹುಡುಕುತ್ತ ಬೈಕಿನಲ್ಲಿ ಊರೂರು ಸುತ್ತಿ, ಕೊನೆಗೆ ಹೊಳೆ ದಡದಲ್ಲಿ ಒಂದು ಹೊರೆ ಸಿಕ್ಕಿತು ಅಂತ ತಂದರೆ ಅದರಲ್ಲಿ ಅರ್ಧ ಜೊಂಡು. ಹಾಗಾಗಿ ದಸರಾ ಕಳೆದ ವಾರ ಊಟಕ್ಕೆ ಕುಳಿತವನು ಹೇಳಿಯೇಬಿಟ್ಟ.

"ಅವ್ವ, ಬರೋ ಬೇಸ್ಗೇಲಿ ಮೂರು ಸಾಕಕ್ಕಾಗಕಿಲ್ಲ. ಶಿವರಾತ್ರಿ ಆದ್ಮೇಲೆ ಕೆಂಪೀನ ಕೊಟ್ಬುಡವ. ವಯಸ್ಸಾಯ್ತು. ಇಬ್ರು ತಿನ್ನೋದ ಒಬ್ಳೇ ತಿಂತಾಳೆ."

"ನಂಗೂ ವಯಸ್ಸಾಯ್ತು ಕಣ್ಲಾ," ಅಂದಳು ಜವರಮ್ಮ, ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತ.

"ನೀನು ಒಂದೇ ಮುದ್ದೆ ತಾನೆ ತಿನ್ನೋದು."

ಒಲೆಯ ಹತ್ತಿರ ನಿಂತಿದ್ದ ಸೊಸೆ ನಂದಿತಾ ನಕ್ಕಳು. ನಕ್ಕವಳು ಅತ್ತೆಯ ಮುಖ ನೋಡಿ ಒಲೆಯ ಕಡೆ ತಿರುಗಿದಳು. ಆ ಹಸು ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಹುಟ್ಟಿದ ದಿನ ಕರುವಿನ ಮೈ ಒರೆಸಿದ್ದು ಜವರಮ್ಮನ ಕೈ. ಗಂಡ ಹೋದ ಮೇಲೆ ದಿನಕ್ಕೆ ನೂರು ಮಾತು ಆಡುತ್ತಿದ್ದ ಬಾಯಿ ಅರ್ಧ ಮಾತನ್ನು ಕೆಂಪಿಯ ಹತ್ತಿರವೇ ಆಡುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ.

"ಅತ್ತೆ," ಅಂದಳು ನಂದಿತಾ, "ಮೊನ್ನೆ ಡೈರಿಗೆ ದನದ ಡಾಕ್ಟ್ರಮ್ಮ ಬಂದಿದ್ರು. ಮುಸುಕಿನ ಜೋಳನ ತೆನೆ ಸಮೇತ ಹಸೀದೇ ಕತ್ತರ್ಸಿ, ಗುಂಡೀಲಿ ತುಂಬಿ ಮುಚ್ಬುಟ್ರೆ ಬೇಸ್ಗೇಲಿ ತಗ್ದು ಹಾಕ್ಬೋದಂತೆ. ಸೈಲೇಜು ಅಂತಾರೆ. ಕನ್ನಡದಲ್ಲಿ ರಸಮೇವು."

"ರಸಮೇವಾ? ದನಕ್ಕೂ ಅನ್ನ ರಸ ಬಡ್ಸೋ ಕಾಲ ಬಂತಾ?" ಅಂದ ನಂಜೇಶ್.

ಜವರಮ್ಮನ ಕಿವಿ ನಿಂತದ್ದು ಮಾತ್ರ 'ಗುಂಡಿ' ಅನ್ನುವ ಮಾತಿನ ಮೇಲೆ. "ಗುಂಡೀಲಿ ತುಂಬಿ ಮುಚ್ಚೋದಾ? ಅಂಗಂದ್ರೆ ಅಗೇವು ಅನ್ನು. ಅದ ನಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ."

ಹಗೇವು ಅಂದರೆ ಈಗಿನವರಿಗೆ ಗೊತ್ತಾಗುವುದಿಲ್ಲ. ಜವರಮ್ಮನ ತವರು ನರಸೀಪುರದ ಕಡೆ. ಅಲ್ಲಿ ಅಪ್ಪನ ಮನೆಯ ಮುಂದೆಯೇ ಒಂದು ಇತ್ತು. ಗಟ್ಟಿ ನೆಲದಲ್ಲಿ ಎರಡಾಳುದ್ದ ತೋಡಿ, ಒಳಗೆ ಗುಡಾಣದ ಹಾಗೆ ಅಗಲ ಮಾಡಿ, ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ ಬಿಡುತ್ತಿದ್ದರು. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ತೆಳ್ಳಗಿದ್ದವಳು ಜವರಮ್ಮ. ಹಾಗಾಗಿ ಒಂಬತ್ತನೇ ವಯಸ್ಸಿನಿಂದ ಮದುವೆಯಾಗುವ ತನಕ ಒಳಗೆ ಇಳಿದು ರಾಗಿ ಅಳೆದು ತುಂಬಿ ಕೊಡುವ ಕೆಲಸ ಅವಳದೇ ಆಯಿತು. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಅವಳು ಒಳಗಿಂದ ಸೇರು ಎಣಿಸಿ ಕೂಗುತ್ತಿದ್ದಳು. ಅಳತೆಯ ಹುಚ್ಚು ಹತ್ತಿದ್ದು ಅಲ್ಲೇ ಇರಬೇಕು.

ಇಳಿಯುವುದಕ್ಕೂ ಒಂದು ಕ್ರಮವಿತ್ತು. ಚಪ್ಪಡಿ ಸರಿಸಿದ ಮೇಲೆ ಹಗೇವು ಎರಡು ದಿನ ಬಾಯಿ ಬಿಟ್ಟುಕೊಂಡಿರಬೇಕು. ಆಮೇಲೆ ಲಾಂದ್ರ ಇಳಿಬಿಡಬೇಕು. ದೀಪ ಆರದೆ ಉರಿದರೆ ಆಳು ಇಳಿಯಬಹುದು. ಅವಳು ಇಳಿಯಲು ಶುರು ಮಾಡಿದ ವರ್ಷವೇ ಚಿಕ್ಕಪ್ಪ ಮಾದಯ್ಯ ಅವಸರ ಮಾಡಿ ತೆಗೆದ ದಿನವೇ ಇಳಿದುಬಿಟ್ಟ. ಮೇಲಿದ್ದವರು ಕೂಗಿದರೆ ಉತ್ತರವಿಲ್ಲ. ಹಗ್ಗ ಎಳೆದು ಹಾಕಿದಾಗ ಮುಖ ನೇರಳೆ ಹಣ್ಣಾಗಿತ್ತು. ಬದುಕಿಕೊಂಡ. ಎದ್ದು ಕುಳಿತವನು ಮೊದಲು ಕೇಳಿದ್ದು, "ಸೇರು ಎಲ್ಲಿ ಬಿತ್ತು?" ಅಂತ. ಊರೆಲ್ಲ ನಕ್ಕಿತು, ಜವರಮ್ಮ ನಗಲಿಲ್ಲ. ಮುಚ್ಚಿದ ಗುಂಡಿಯ ಬಾಯಿ ತೆಗೆದರೆ ಎರಡು ದಿನ ಗಾಳಿ ಆಡಬೇಕು ಅನ್ನುವುದು ಅವತ್ತು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕುಳಿತುಬಿಟ್ಟಿತು.

ಆ ರಾತ್ರಿಯ ಊಟ ಮುಗಿಯುವಷ್ಟರಲ್ಲಿ ಕರಾರು ಆಗಿತ್ತು. ನಂಜೇಶ್ ಕೈ ತೊಳೆದು ಬಂದು ಹೇಳಿದ: "ಆಯ್ತವ್ವ. ಹತ್ತು ಗುಂಟೆಗೆ ಜೋಳ ಹಾಕ್ತೀನಿ. ಶಿವರಾತ್ರಿ ಆದ ಸೋಮವಾರ ಗುಂಡಿ ಮೇವು ಹಾಕಿ ನೋಡವ. ಚೆನ್ನಾಗಿದ್ರೆ ಕೆಂಪಿ ಇರ್ತಾಳೆ. ಕೊಳ್ತೋಗಿದ್ರೆ ಅವತ್ತೇ ಮಾದೇವಸ್ವಾಮಿಗೆ ಫೋನು." ಮಹಾದೇವಸ್ವಾಮಿ ಅಂದರೆ ನರಸೀಪುರದ ದನದ ದಲ್ಲಾಳಿ. ಕೆಂಪಿಯ ಮೇಲೆ ಅವನಿಗೆ ಎರಡು ವರ್ಷದಿಂದ ಕಣ್ಣು.

ಡಾಕ್ಟ್ರಮ್ಮ ನಂದಿತಾಗೆ ಒಂದು ಕಾಗದ ಕೊಟ್ಟಿದ್ದರು, ರಸಮೇವು ಮಾಡುವ ಕ್ರಮ ಅಚ್ಚು ಹಾಕಿಸಿದ್ದು. ಕೆಂಪಿಯ ಬಾಯಿಗೆ ಸಿಗಬಾರದು, ಕೆಲಸ ಮಾಡುವಾಗ ಕಣ್ಣಿಗೆ ಕಾಣಬೇಕು ಅಂತ ಜವರಮ್ಮ ಅದಕ್ಕೆ ಗಂಜಿ ಬಳಿದು ಕೊಟ್ಟಿಗೆಯ ಗೋಡೆಗೆ ಎತ್ತರದಲ್ಲಿ ಅಂಟಿಸಿದಳು. ದಿನಕ್ಕೆ ಎರಡು ಸಾಲಿನಂತೆ ಹನ್ನೊಂದು ದಿನದಲ್ಲಿ ಓದಿ ಮುಗಿಸಿದಳು. ಕೊನೆಯ ಸಾಲು 'ನಲವತ್ತೈದು ದಿನ ಬಿಡಬೇಕು' ಅಂತ. ಅದರ ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು: ಪು. ತಿ. ನೋ.

"ಪುತಿನೋ," ಅಂತ ಮೂರು ಸಲ ಓದಿಕೊಂಡಳು. ಯಾವುದೋ ದೊಡ್ಡ ಡಾಕ್ಟ್ರ ಹೆಸರಿರಬೇಕು, ಸೈನು ಹಾಕಿದ್ದಾರೆ ಅಂತ ಮನಸ್ಸಿನಲ್ಲೇ ಕೈ ಮುಗಿದು ಮುಂದಿನ ಕೆಲಸ ನೋಡಿದಳು.

ಜೋಳ ಆಳೆತ್ತರ ಬಂತು. ಸಂಕ್ರಾಂತಿಯ ಹೊತ್ತಿಗೆ ಎಂಬತ್ತೇಳು ದಿನ. ಜವರಮ್ಮ ದಿನವೂ ಹೋಗಿ ಒಂದು ತೆನೆ ಸುಲಿದು, ಕಾಳಿಗೆ ಉಗುರು ಒತ್ತಿ ನೋಡುತ್ತಿದ್ದಳು. ಮೊದಲು ನೀರು ಚಿಮ್ಮುತ್ತಿತ್ತು. ಆಮೇಲೆ ಹಾಲು. ಹಬ್ಬದ ದಿನ ಒತ್ತಿದರೆ ಹಾಲು ಗಟ್ಟಿಯಾಗಿ ಹಿಟ್ಟಿನ ಹಾಗೆ ಉಗುರಿಗೆ ಮೆತ್ತಿಕೊಂಡಿತು. "ನಾಳೀಕೆ ಕೊಯ್ಯದು," ಅಂದಳು.

ಮಾರನೇ ದಿನ ಕೆಂಪಿಯ ಕೊಂಬಿಗೆ ಬಳಿದ ಬಣ್ಣ ಇನ್ನೂ ಒಣಗಿಯೇ ಇರಲಿಲ್ಲ, ಟ್ರಾಕ್ಟರಿಗೆ ಸಿಕ್ಕಿಸಿದ ಮೇವು ಕತ್ತರಿಸುವ ಮಿಷನ್ನು ತಾಂಡವಪುರದಿಂದ ಬಾಡಿಗೆಗೆ ಬಂತು. ನಂಜೇಶ್ ಕೊಯ್ದು ಹೊತ್ತು ತರುವುದು, ನಂದಿತಾ ಮಿಷನ್ನಿಗೆ ಕೊಡುವುದು. ಜವರಮ್ಮ ಮಿಷನ್ನಿನ ಬಾಯಿಂದ ಹಾರಿ ಬಿದ್ದ ಚೂರನ್ನು ಬೆರಳಿಗೆ ಹಿಡಿದು ಅಳೆಯುವುದು. ಒಂದು ಇಂಚು ಮೀರಬಾರದು ಅಂತ ಕಾಗದದಲ್ಲಿತ್ತು. ಆಮೇಲೆ ಹಿಡಿ ತುಂಬ ತೆಗೆದುಕೊಂಡು ತಂಬಿಟ್ಟಿನ ಹಾಗೆ ಮುಷ್ಟಿ ಕಟ್ಟಿ ಕೈ ಬಿಚ್ಚಿದಳು. ನೀರು ತೊಟ್ಟಿಕ್ಕಲಿಲ್ಲ. ಪುಡಿಯಾಗಿ ಉದುರಲೂ ಇಲ್ಲ. ಉಂಡೆ ಅಂಗೈಯಲ್ಲಿ ಮೆಲ್ಲಗೆ ಬಿಚ್ಚಿಕೊಂಡಿತು.

"ಹದ ಬಂದದೆ," ಅಂದಳು. "ಸುರೀರಿ."

ಹಿತ್ತಲಿನಲ್ಲಿ ಹತ್ತಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳದ ಗುಂಡಿ ಸಿದ್ಧವಾಗಿತ್ತು, ಒಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಒಂದೊಂದು ಗೇಣು ಮೇವು ತುಂಬಿದ ಮೇಲೂ ಬೆಲ್ಲದ ನೀರು ಚಿಮುಕಿಸಿ, ಉಪ್ಪು ಎರಚಿ, ಗಾಳಿ ಉಳಿಯದ ಹಾಗೆ ತುಳಿಯಬೇಕು. ತುಳಿಯುವುದಕ್ಕೆ ಟ್ರಾಕ್ಟರ್ ಇಳಿಸಲು ಜಾಗವಿಲ್ಲ. ಆಗ ಜವರಮ್ಮನಿಗೆ ನೆನಪಾದದ್ದು ಪಕ್ಕದ ಮನೆಯ ಮೈದುನ ಬೆಟ್ಟಸ್ವಾಮಿ. ಹೆಸರಿಗೆ ತಕ್ಕ ಮೈಕಟ್ಟು. ನೂರಾ ಎರಡು ಕೆಜಿ.

"ಬೆಟ್ಟಸ್ವಾಮಿ, ಬಾರಪ್ಪ ಒಸಿ. ಎಳ್ಳು ಬೆಲ್ಲ ಕೊಡ್ತೀನಿ."

"ಎಳ್ಳು ಬೆಲ್ಲಕ್ಕೆ ಯಾಕೆ ಅತ್ಗೆಮ್ಮ ಗುಂಡಿ ಅತ್ರಕ್ಕೆ ಕರೀತಿದ್ದೀರಿ? ನನ್ನ ಹೂಳಾಕ್ತೀರಾ?"

"ಹೂಳಕಿಲ್ಲ. ತುಳಿಬೇಕು. ದೇವ್ರು ನಿಂಗೆ ಮೈ ಕೊಟ್ಟಿರೋದು ಯಾತಕ್ಕೆ ಅಂತ ಇವತ್ತು ಗೊತ್ತಾಯ್ತದೆ, ಇಳಿ."

ಬೆಟ್ಟಸ್ವಾಮಿ ಪಂಚೆ ಎತ್ತಿ ಕಟ್ಟಿ ಇಳಿದ. ಒಂದು ಕೈಯಲ್ಲಿ ಎಳ್ಳು ಬೆಲ್ಲದ ಬಟ್ಟಲು, ಬಾಯಲ್ಲಿ ಸರಿ ಸುಮಾರು ಅರ್ಧ ಬಟ್ಟಲು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಮೂಲೆ ಬಿಟ್ಟರೆ ಜವರಮ್ಮ ಬಿಡಳು. "ಆ ಮೂಲೆ. ಇನ್ನೊಂದ್ಸಲ. ಹಿಮ್ಮಡೀಲಿ ತುಳಿ ಕಣಪ್ಪ, ಬೆರಳಲ್ಲಲ್ಲ." ಮಿಷನ್ನಿನ ಡ್ರೈವರ್ ಇಂಜಿನ್ ಆಫ್ ಮಾಡಿ ನಿಂತು ನೋಡಿದ. ಹೊತ್ತು ಇಳಿಯುವಾಗ ಗುಂಡಿ ತುಂಬಿ, ನೆಲಕ್ಕಿಂತ ಒಂದು ಗೇಣು ಮೇಲೆ ಹಸುವಿನ ಬೆನ್ನಿನ ಹಾಗೆ ಉಬ್ಬಿ ನಿಂತಿತ್ತು. ಪ್ಲಾಸ್ಟಿಕ್ ಎಳೆದು, ಟಾರ್ಪಾಲ್ ಹೊದಿಸಿ, ಮೇಲೆ ಮಣ್ಣು ಹಾಕಿ, ಅಂಚಿಗೆ ಸಗಣಿ ಮಣ್ಣು ಕಲೆಸಿ ಮೆತ್ತಿದಳು ಜವರಮ್ಮ. ಹಗೇವಿನ ಬಾಯಿ ಮೆತ್ತುತ್ತಿದ್ದ ಹಾಗೆಯೇ. ಇರುವೆ ಹೋಗುವ ಬಿರುಕೂ ಇರಲಿಲ್ಲ. ಕಾಗದದ ಈಚೆ ಪುಟದಲ್ಲಿದ್ದದ್ದೆಲ್ಲ ತಪ್ಪಿಲ್ಲದೆ ಆಗಿತ್ತು.

ಆಮೇಲೆ ಕಾಯುವುದು. ಕೊಟ್ಟಿಗೆ ಗೋಡೆಯಲ್ಲಿ, ಕಾಗದದ ಪಕ್ಕದಲ್ಲೇ, ದಿನಕ್ಕೊಂದು ಇದ್ದಿಲ ಗೀಟು. ಬೆಟ್ಟಸ್ವಾಮಿ ಮಾತ್ರ ಊರಲ್ಲಿ ಸುಮ್ಮನಿರಲಿಲ್ಲ. "ನಮ್ಮ ಅತ್ಗೆಮ್ಮ ಮೂವತ್ತು ಕೆಜಿ ಬೆಲ್ಲ ನೆಲದೊಳಕ್ಕೆ ಹಾಕವ್ರೆ ಕಣ್ರೋ. ಶಿವರಾತ್ರಿಗೆ ಬಟ್ಟಿ ಇಳೀತದೆ. ಲೋಟ ತೊಳ್ದು ಮಡಿಕ್ಕಳಿ," ಅಂತ ಸಾರಿಕೊಂಡು ಬಂದ. ಇಬ್ಬರು ಮೂವರು ನಿಜ ಅಂತಲೇ ತಿಳಿದು ಹಿತ್ತಲ ಬೇಲಿಯ ಹತ್ತಿರ ಮೂಗು ಚಾಚಿ ಹೋದದ್ದೂ ಉಂಟು.

ಶಿವರಾತ್ರಿ ಬಂತು, ಹೋಯಿತು. ಶುಕ್ರವಾರ ನಂದಿತಾ ತಂಗಿಯ ಸೀಮಂತ ಅಂತ ಅರ್ಪಿತಳನ್ನು ಕರೆದುಕೊಂಡು ಸೋಮನಾಥಪುರದ ತವರಿಗೆ ಹೊರಟಳು. "ಸೋಮವಾರ ಗುಂಡಿ ತಗಿಯೋ ಮುಂಚೆ ನಂಗೊಂದು ಫೋನ್ ಮಾಡ್ಸಿ ಅತ್ತೆ," ಅಂತ ಬಸ್ಸಿನ ಕಿಟಕಿಯಿಂದ ಕೂಗಿದಳು.

ಜವರಮ್ಮನ ಲೆಕ್ಕವೇ ಬೇರೆ. ಸೋಮವಾರ ಮೇವು ಹಾಕಬೇಕಾದರೆ ಶನಿವಾರ ಬಾಯಿ ತೆಗೆಯಬೇಕು. ಶನಿವಾರಕ್ಕೆ ಗೀಟು ನಲವತ್ತೈದು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಗುಂಡಿಯ ಮೇಲಿನ ಮಣ್ಣೆಲ್ಲ ಸರಿಸಿ, ಟಾರ್ಪಾಲು, ಪ್ಲಾಸ್ಟಿಕ್ಕು ಎರಡನ್ನೂ ಈ ತುದಿಯಿಂದ ಆ ತುದಿಗೆ ಸುರುಳಿ ಸುತ್ತಿಟ್ಟಳು. ಹತ್ತಡಿ ಉದ್ದ, ಐದಡಿ ಅಗಲ ಪೂರಾ ಬಿಸಿಲಿಗೆ ಬಾಯಿ ತೆರೆದು ಮಲಗಿತು. ಯಾರೂ ಹತ್ತಿರ ಬರಬಾರದು ಅಂತ ಸುತ್ತ ಮುಳ್ಳು ಹಾಕಿದಳು. ನಂಜೇಶ್ ನೋಡಿ, ಅವ್ವನಿಗೆ ಗೊತ್ತಿರುತ್ತದೆ ಅಂದುಕೊಂಡು ತೋಟಕ್ಕೆ ಹೋದ.

ಭಾನುವಾರ ಸಾಯಂಕಾಲ ಅವಳು ಹಗ್ಗಕ್ಕೆ ಲಾಂದ್ರ ಕಟ್ಟಿ ಗುಂಡಿಯ ಮೇಲೆ ಇಳಿಬಿಡುತ್ತಿದ್ದಾಗ ಬೆಟ್ಟಸ್ವಾಮಿ ಬೇಲಿಯಾಚೆಯಿಂದ ಕಂಡ.

"ಅತ್ಗೆಮ್ಮ, ನಾಕಡಿ ಗುಂಡಿಗೆ ದೀಪ ಬುಟ್ಟು ಯಾರ್ನ ಹುಡುಕ್ತಿದ್ದೀರಿ?"

"ಗಾಳಿ ನೋಡ್ತಿದ್ದೀನಿ. ದೀಪ ಉರೀತು ನೋಡು. ನಾಳೆ ಮುಟ್ಬೋದು."

ಸೋಮವಾರ ಬೆಳಿಗ್ಗೆ ಮಂಕರಿ ಹಿಡಿದು ಹೋದಳು. ಮೇಲಿನ ಮೇವು ಕೈಗೆ ಬಿಸಿ ತಾಗಿತು. ಬೆಂದು ಹದವಾಗಿದೆ ಅಂದುಕೊಂಡಳು. ಬಣ್ಣ ಕಪ್ಪಗಿತ್ತು. ಅಲ್ಲಲ್ಲಿ ಜೇಡರ ಬಲೆಯ ಹಾಗೆ ಬಿಳಿಯದು ಹಬ್ಬಿತ್ತು. ಅದು ಯಾಕೋ ಅವಳಿಗೆ ಸರಿ ಕಾಣಲಿಲ್ಲ. ಆದರೂ ತುಂಬಿಕೊಂಡು ಬಂದು ಕೆಂಪಿಯ ಮುಂದೆ ಮೇವು ಹಾಕುವ ಗೊಂತಿಗೆಗೆ ಸುರಿದಳು. ನಂಜೇಶ್ ಕೈ ಕಟ್ಟಿ ನಿಂತಿದ್ದ. ಬೆಟ್ಟಸ್ವಾಮಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದಿದ್ದ.

ಕೆಂಪಿ ಮೂಸಿತು. ತಲೆ ಎತ್ತಿತು. ಇನ್ನೊಂದು ಸಲ ಮೂಸಿ, ಸೀನಿದ ಹಾಗೆ ಮೂಗಿನಿಂದ ಗಾಳಿ ಬಿಟ್ಟು, ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಿತು. ಉಳಿದ ಎರಡು ಹಸುಗಳೂ ಬಾಯಿ ಹಾಕಲಿಲ್ಲ.

"ಓಟಿನ ಚೀಟಿ ತಿಂದೋಳು ಇದ ಬ್ಯಾಡ ಅಂತಾವ್ಳಲ್ಲ!" ಅಂದ ಬೆಟ್ಟಸ್ವಾಮಿ. ಅಂದವನಿಗೇ ನಗು ಬರಲಿಲ್ಲ. ಬ್ರಷ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಂಜೇಶ್ ಮೇವನ್ನು ಒಂದು ಹಿಡಿ ಎತ್ತಿ ಮೂಸಿ ಕೆಳಗೆ ಹಾಕಿದ. "ಮುಗ್ಲು ವಾಸ್ನೆ ಅವ್ವ. ಕೆಟ್ಟೋಗದೆ." ಆಮೇಲೆ ಫೋನು ತೆಗೆದು ಅಂಗಳಕ್ಕೆ ಹೋದ. "ಮಾದೇವಣ್ಣ… ಊಂ… ಮೂರು ಗಂಟೆಗಾ? ಬಾ," ಅನ್ನುವುದು ಕೊಟ್ಟಿಗೆಯವರೆಗೆ ಕೇಳಿಸಿತು.

ಜವರಮ್ಮ ಕೆಂಪಿಯ ಮುಖ ನೋಡುತ್ತ ಕುಳಿತಳು. ಹತ್ತು ವರ್ಷದಲ್ಲಿ ಈ ಹಸು ಯಾವುದನ್ನೂ ಬೇಡ ಅಂದದ್ದಿಲ್ಲ. ಬೇಡ ಅಂದಿದೆ ಅಂದರೆ ಏನೋ ಹೇಳುತ್ತಿದೆ. ಏನು ಅಂತ ಹೋಗಿ ನೋಡಬೇಕು. ಎದ್ದು ಸೀರೆ ಎತ್ತಿ ಸಿಕ್ಕಿಸಿ ಗುಂಡಿಗೆ ಹೋದಳು.

ಕೈ ಒಳಕ್ಕೆ ಇಳಿಸಿದಳು. ಮಣಿಕಟ್ಟಿನವರೆಗೆ ಸುಡುವ ಹಾಗೆ ಬಿಸಿ. ಒಂದು ಗೇಣು ಇಳಿದ ಮೇಲೆ ಬೆಚ್ಚಗೆ. ಅದಕ್ಕೂ ಕೆಳಗೆ ಇನ್ನೂ ನಾಲ್ಕು ಬೆರಳು ಇಳಿದರೆ, ಮಡಕೆಯ ನೀರಿಗೆ ಕೈ ಹಾಕಿದಷ್ಟು ತಣ್ಣಗೆ. ಅಲ್ಲಿಂದ ಒಂದು ಹಿಡಿ ಕಿತ್ತು ತೆಗೆದಳು. ಮೇಲಿನದು ಕಪ್ಪು, ಇದು ಬೇಯಿಸಿದ ಹುರುಳಿಕಾಯಿಯ ಬಣ್ಣ. ಮೇಲಿನದು ಮುಗ್ಗಲು, ಇದು ಹುಳಿ ಬಂದ ದೋಸೆ ಹಿಟ್ಟಿಗೆ ಬೆಲ್ಲ ತುರಿದು ಹಾಕಿದ ಹಾಗೆ ಘಮ್ಮೆನ್ನುತ್ತಿತ್ತು. ಜೋಳದ ಕಾಳು ಹಾಕಿದ ಹಾಗೇ ಹೊಳೆಯುತ್ತಿದ್ದವು.

ಮೇವನ್ನು ಕೈಯಲ್ಲಿ ಹಿಡಿದುಕೊಂಡೇ ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟಳು. ಗಾಳಿ ತಾಗಿದ ಕಡೆ ಕೆಟ್ಟಿದೆ, ತಾಗದ ಕಡೆ ಚೆನ್ನಾಗಿದೆ. ಹಾಗಾದರೆ ಹಗೇವಿಗೆ ಗಾಳಿ ಯಾಕೆ ಬಿಡುತ್ತಿದ್ದರು? ಚಿಕ್ಕಪ್ಪ ಮಾದಯ್ಯನ ನೇರಳೆ ಮುಖ ಕಣ್ಣ ಮುಂದೆ ಬಂತು. ಗಾಳಿ ಬೇಕಾಗಿದ್ದದ್ದು ರಾಗಿಗಲ್ಲ. ಇಳಿಯುವ ಮನುಷ್ಯನಿಗೆ. ಐವತ್ತೆಂಟು ವರ್ಷದಿಂದ ಆ ಮಾತು ಎಲ್ಲ ಗುಂಡಿಗೂ ಅಂತಲೇ ಅಂದುಕೊಂಡಿದ್ದಳು. ಈ ಗುಂಡಿಗೆ ಯಾರು ಇಳಿಯುತ್ತಾರೆ?

"ಬೆಟ್ಟಸ್ವಾಮೀ!" ಅಂತ ಕೂಗಿದ ಕೂಗಿಗೆ ಬೇಲಿಯ ಮೇಲಿನ ಕಾಗೆ ಹಾರಿತು. "ಗುದ್ದಲಿ ತಕ್ಕಂ ಬಾರೋ!"

ಇಬ್ಬರೂ ಸೇರಿ ಮೇಲಿನ ಕೆಟ್ಟ ಮೇವನ್ನು ಕೆರೆದು ಮಂಕರಿ ಮಂಕರಿ ತಿಪ್ಪೆಗೆ ಹಾಕಿದರು. ಕರಿಯದು ಒಂದು ಚೂರೂ ಉಳಿಯಬಾರದು, ತಿಂದರೆ ಹಸುವಿಗೆ ಹೊಟ್ಟೆ ಕೆಡುತ್ತದೆ ಅಂತ ಜವರಮ್ಮ ಕೈಯಲ್ಲಿ ಆರಿಸಿದಳು. ಬೆಟ್ಟಸ್ವಾಮಿ ಬೆವರು ಒರೆಸಿಕೊಳ್ಳುತ್ತ ಗೊಣಗಿದ: "ತುಂಬಕ್ಕೂ ನಾನೇ, ತೋಡಕ್ಕೂ ನಾನೇ. ಎಳ್ಳು ಬೆಲ್ಲನೂ ಇಲ್ಲ ಈವತ್ತು."

"ಕೆಂಪಿ ಉಳುದ್ರೆ ಒಬ್ಬಟ್ಟು ಮಾಡ್ತೀನಿ, ಸುಮ್ನೆ ತೋಡು."

ಕೆಟ್ಟದ್ದೆಲ್ಲ ಹೋದ ಮೇಲೆ ಪ್ಲಾಸ್ಟಿಕ್ ಮತ್ತೆ ಹೊದಿಸಿ, ಟಾರ್ಪಾಲ್ ಎಳೆದು, ಮೂರು ಕಡೆ ಮಣ್ಣು ಹಾಕಿ ಮೆತ್ತಿದಳು. ಒಂದು ತುದಿಯಲ್ಲಿ ಮಾತ್ರ ಒಂದು ಮೊಳ ಬಿಟ್ಟಳು, ಬಾಗಿಲಿನ ಹಾಗೆ. ಅಲ್ಲಿಂದ ಮೇಲಿಂದ ಕೆಳಕ್ಕೆ ನೇರ ಕತ್ತರಿಸಿ ಒಂದು ಮಂಕರಿ ತೆಗೆದು, ತಕ್ಷಣ ಬಾಗಿಲು ಮುಚ್ಚಿದಳು.

ಕೊಟ್ಟಿಗೆಗೆ ಬಂದಾಗ ನಂಜೇಶ್ ಬಾಗಿಲಲ್ಲಿ ನಿಂತಿದ್ದ. ಜವರಮ್ಮ ಗೊಂತಿಗೆಯನ್ನು ಗುಡಿಸಿ ಒರೆಸಿ, ಹೊಸ ಮೇವನ್ನು ಒಂದೇ ಒಂದು ಹಿಡಿ ಹಾಕಿದಳು. ಕೆಂಪಿ ಬೆಳಗಿನ ಅನುಮಾನದಲ್ಲೇ ಕುತ್ತಿಗೆ ಚಾಚಿತು. ಮೂಸಿತು. ನಾಲಿಗೆ ಚಾಚಿ ಒಂದು ಕಾಳು ಎತ್ತಿಕೊಂಡು ಬಾಯಿ ಆಡಿಸಿತು. ಕಿವಿ ಮುಂದಕ್ಕೆ ಬಂತು. ಆಮೇಲೆ ಆ ಹಿಡಿ ಇತ್ತೋ ಇಲ್ಲವೋ ಅನ್ನುವ ಹಾಗೆ ಗೊಂತಿಗೆ ನೆಕ್ಕಿ, ಜವರಮ್ಮನ ಕಂಕುಳಲ್ಲಿದ್ದ ಮಂಕರಿಗೆ ಸೆರಗಿನ ಸಮೇತ ಬಾಯಿ ಹಾಕಿತು.

"ಸೆರಗು ಬುಡೇ, ಸೆರಗು!" ಅಂದಳು ಜವರಮ್ಮ. ಮುಖವೆಲ್ಲ ನಗು.

ಮೂರು ಗಂಟೆಗೆ ಸರಿಯಾಗಿ ದಲ್ಲಾಳಿ ಮಹಾದೇವಸ್ವಾಮಿ ಬಂದ. ಹೆಗಲ ಮೇಲೆ ಹೊಸ ಹಗ್ಗ. ಹಸು ಕೊಟ್ಟವರು ಹಳೆಯ ಹಗ್ಗವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಕೊಟ್ಟಿಗೆಯ ಲಕ್ಷ್ಮಿ ಅದರ ಜೊತೆ ಹೋಗಬಾರದು ಅಂತ. ಕೊಳ್ಳುವವನು ತನ್ನ ಹಗ್ಗ ತಾನೇ ತರಬೇಕು. ಆ ಹೊಸ ಹಗ್ಗ ನೋಡಿದ್ದೇ ಜವರಮ್ಮ ಕೆಂಪಿಯ ಮುಂದೆ ಇನ್ನಷ್ಟು ಮೇವು ಸುರಿದಳು. ಕೆಂಪಿ ಇರುತ್ತಾಳೋ ಇಲ್ಲವೋ ಅಂತ ಮಗ ಇನ್ನೂ ಹೇಳಿರಲಿಲ್ಲ.

"ಎಲ್ಲವ್ವಾ ನಮ್ಮ ಹುಡುಗಿ?" ಅಂತ ಮಹಾದೇವಸ್ವಾಮಿ ಕೊಟ್ಟಿಗೆಗೆ ಬಂದು, ಕೆಂಪಿಯ ಬೆನ್ನು ತಟ್ಟಿದ. ಕೆಂಪಿ ತಲೆ ಎತ್ತಲಿಲ್ಲ. ಇನ್ನೊಂದು ಸಲ ತಟ್ಟಿದ. ಬಾಲ ಒಂದು ಸಲ ಅವನ ಮುಖಕ್ಕೆ ಬಡಿಯಿತು, ಬಾಯಿ ಗೊಂತಿಗೆಯಲ್ಲೇ. "ಏನಾಕಿದ್ದೀರವ್ವಾ ಇದ್ಕೆ? ಹೆಂಡದ ಅಂಗಡಿ ಗಮಲು ಹೊಡೀತದೆ!"

"ನಾನ್ ಏಳ್ಲಿಲ್ವಾ!" ಅಂತ ಬೇಲಿಯಾಚೆಯಿಂದ ಬೆಟ್ಟಸ್ವಾಮಿ.

ನಂಜೇಶ್ ಗೊಂತಿಗೆಗೆ ಕೈ ಹಾಕಿ ಮೇವು ಎತ್ತಿ ಮೂಸಿದ. ಈ ಸಲ ಕೆಳಗೆ ಹಾಕಲಿಲ್ಲ. "ಎಷ್ಟು ದಿನಕ್ಕೆ ಬತ್ತದೆ ಅವ್ವ?"

ಜವರಮ್ಮ ಅದಕ್ಕೇ ಕಾಯುತ್ತಿದ್ದಳು. "ಮೂರು ಹಸೀಗೆ ಅರವತ್ತು ದಿನಕ್ಕೆ ಅಂತ ತುಂಬುದ್ದು. ಒಂದು ಗೇಣು ನಾಕು ಬೆರಳು ನನ್ನ ತಪ್ಪಿಂದ ತಿಪ್ಪೆಗೋಯ್ತು. ಉಳ್ದಿರೋದು ನಲವತ್ಮೂರು ದಿನಕ್ಕೆ. ಮೂರು ಮಂಕರಿ ಇದು, ಒಂದು ಮಂಕರಿ ರಾಗಿ ಹುಲ್ಲು ಬೆರ್ಸಿ ಹಾಕುದ್ರೆ ಐವತ್ತೇಳು."

"ಅಂದ್ರೆ ಸುಮಾರು ಅರವತ್ತು," ಅಂದ ಬೆಟ್ಟಸ್ವಾಮಿ.

"ಐವತ್ತೇಳು," ಅಂದಳು ಜವರಮ್ಮ. "ಅಷ್ಟೊತ್ಗೆ ಒಂದು ಮಳೆಯಾದ್ರೂ ಬತ್ತದೆ. ಬರ್ನಿಲ್ಲ ಅಂದ್ರೆ ಆಗ ಕೇಳು."

ನಂಜೇಶ್ ಅವಳ ಕೈ ನೋಡಿದ. ಮೊಣಕೈಯವರೆಗೆ ಮೇವಿನ ರಸ ಅಂಟಿ, ಉಗುರು ಸಂದಿಯಲ್ಲೆಲ್ಲ ಮಣ್ಣು. ಆಮೇಲೆ ದಲ್ಲಾಳಿಯ ಕಡೆ ತಿರುಗಿದ. "ಮಾದೇವಣ್ಣ, ಬೇಜಾರ್ ಮಾಡ್ಕಬೇಡ. ಕೆಂಪಿ ಇರ್ತಾಳೆ. ಕಾಫಿ ಕುಡ್ಕಂಡು ಓಗು."

ಮಹಾದೇವಸ್ವಾಮಿ ಇಂಥ ಮಾತು ನೂರು ಕೇಳಿದವನು. ನಕ್ಕು ಜಗಲಿ ಮೇಲೆ ಕುಳಿತ. ಕಾಫಿ ಕುಡಿದು ಲೋಟ ಇಟ್ಟು, ಹೊರಡುವುದಕ್ಕೆ ಎದ್ದಾಗ ಜವರಮ್ಮ ಅಡ್ಡ ಬಂದು ನಿಂತಳು.

"ಆ ಹಗ್ಗ ಎಷ್ಟುದ್ದ?"

"ಇದಾ? ಸುಮಾರು ಎಂಟು ಮೊಳ ಇರ್ಬೇಕು."

ಅವಳು ಅವನ ಹೆಗಲಿನಿಂದಲೇ ಎಳೆದು ಮೊಳ ಹಾಕಿದಳು. "ಒಂಬತ್ತೂಕಾಲು. ಬಂದೋನು ಬರಿಗೈಲಿ ಓಗ್ಬಾರ್ದು ಅಂತ ಒಂದು ಮಂಕರಿ ಮೇವು ಕೊಡ್ತೀನಿ, ನಿನ್ ಹಸೀಗೆ ಹಾಕಿ ನೋಡು. ಹಗ್ಗ ನಂಗಿರ್ಲಿ. ಟಾರ್ಪಾಲ್ ಕಟ್ಟಕ್ಕೆ ಬೇಕು."

"ಅವ್ವಾ, ಹಸ ಕೊಡ್ದೆ ಹಗ್ಗ ಉಳುಸ್ಕೊಂಡ್ ಮೊದಲ್ನೇ ಮನೆ ನಿಮ್ದು," ಅಂತ ಮಹಾದೇವಸ್ವಾಮಿ ಕೈ ಮುಗಿದ. ಮೇವು ತುಂಬಿದ ಚೀಲವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋದ.

ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ನಂದಿತಾ ಬಂದಳು. ನಡೆದದ್ದೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಒಂದೇ ಕಡೆಯಿಂದ ತಗೀಬೇಕು, ಆಮೇಲೆ ತಕ್ಷಣ ಮುಚ್ಚಬೇಕು ಅಂತ ಕಾಗದದಲ್ಲೇ ಇತ್ತಲ್ಲ ಅತ್ತೆ!"

"ಎಲ್ಲಿತ್ತು? ಸಾಲು ಸಾಲು ಓದಿವ್ನಿ. ಕೊನೇಲಿ ಡಾಕ್ಟ್ರ ಹೆಸ್ರು ತನ್ಕ ಓದಿವ್ನಿ. ಪುತಿನೋ."

ನಂದಿತಾ ಗೋಡೆಯ ಹತ್ತಿರ ಹೋಗಿ ಮೂಲೆಯ ಅಕ್ಷರ ನೋಡಿದಳು. ಆಮೇಲೆ ಹುಲ್ಲಿನ ಮೆದೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅತ್ತೆ, ಅದು ಡಾಕ್ಟ್ರಲ್ಲ. ಪುಟ ತಿರುಗಿಸಿ ನೋಡಿ ಅಂತ! ಗುಂಡಿ ತಗಿಯೋದೆಲ್ಲ ಹಿಂದಿನ ಪುಟದಲ್ಲಿ ಬರ್ದಿದ್ರು."

ಜವರಮ್ಮ ಗಂಜಿ ಹಾಕಿ ಅಂಟಿಸಿದ ಕಾಗದವನ್ನೊಮ್ಮೆ ನೋಡಿದಳು. ಅಂಟಿಸಿದ್ದೂ ತಾನೇ, ಒಂದು ಮೂಲೆಯೂ ಏಳದ ಹಾಗೆ.

"ಗೋಡೆ ಓದ್ಕಂಡದೆ ಬುಡು," ಅಂದಳು.

ಆಮೇಲೆ ಒಬ್ಬಟ್ಟಿಗೆ ಬೇಳೆ ಅಳೆಯಲು ಒಳಗೆ ಹೋದಳು. ಬೆಟ್ಟಸ್ವಾಮಿಗೆ ಅಂತ ಒಂದು ಸೇರು ಜಾಸ್ತಿ. ಹಿತ್ತಲಿನಲ್ಲಿ ಟಾರ್ಪಾಲಿನ ಮೇಲೆ ಆ ಕಡೆಯಿಂದ ಈ ಕಡೆಗೆ ಬಿಗಿದು ಕಟ್ಟಿದ ಹೊಸ ಹಗ್ಗ ಬಿಸಿಲಿಗೆ ಹೊಳೆಯುತ್ತಿತ್ತು. ಕೆಂಪಿ ಹಳೆಯ ಹಗ್ಗವನ್ನು ಆದಷ್ಟು ಉದ್ದಕ್ಕೆ ಎಳೆದುಕೊಂಡು, ಅದರ ಕಡೆಗೇ ಕುತ್ತಿಗೆ ಚಾಚಿ ನಿಂತಿತ್ತು.